ಟ್ರಾನ್ಸ್‌ಶಿಪ್‌ಮೆಂಟ್ ಬೇರೆ, ಟ್ರಾನ್ಸಿಟ್ ಬೇರೆ ಮಾರಾಯ್ರೆ

"ಭಾರತ ಬಾಂಗ್ಲಾದೇಶಕ್ಕೆ ಟ್ರಾನ್ಸಿಟ್ ಬಂದ್ ಮಾಡಿದೆ, ಇನ್ನು ಅವರ ಮಾಲು ನೇಪಾಳಕ್ಕೂ ಹೋಗಲ್ಲ" ಅಂತ ಬರೆದಿದ್ದು ಮತ್ತೆ ಕಣ್ಣಿಗೆ ಬಿತ್ತು. 2025ರ ಏಪ್ರಿಲ್ 8ಕ್ಕೆ ರದ್ದಾಗಿದ್ದು ಟ್ರಾನ್ಸ್‌ಶಿಪ್‌ಮೆಂಟ್ ಸೌಲಭ್ಯ. ನೇಪಾಳ, ಭೂತಾನಕ್ಕೆ ಹೋಗೋ ಬಾಂಗ್ಲಾ ಮಾಲಿಗೆ ಏನೂ ತೊಂದ್ರೆ ಇಲ್ಲ ಅಂತ ನಮ್ಮ ವಿದೇಶಾಂಗ ಇಲಾಖೆ ಮಾರನೇ ದಿನವೇ ಹೇಳಿತ್ತು, ಆದ್ರೂ ಇವೆರಡನ್ನ ಕಲಸಿ ಬರೆಯೋದು ನಿಂತಿಲ್ಲ.

ಟ್ರಾನ್ಸಿಟ್ ಅನ್ನೋದು ಮಾಲಿಗೆ ಇರೋ ಕಾನೂನಿನ ಸ್ಥಿತಿ. ಎಲ್ಲಿಂದಲೋ ಹೊರಟು ಇನ್ನೆಲ್ಲಿಗೋ ಹೋಗೋ ಮಾಲು ನಮ್ಮ ದೇಶದೊಳಗೆ ಹಾದು ಹೋಗ್ತಿದೆ ಅಷ್ಟೆ, ಇಲ್ಲಿ ಮಾರಲ್ಲ, ಹಾಗಾಗಿ ಆಮದು ಸುಂಕನೂ ಇಲ್ಲ. ಟ್ರಾನ್ಸ್‌ಶಿಪ್‌ಮೆಂಟ್ ಅನ್ನೋದು ಕೆಲಸ: ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸೋದು. ಹೆಸರಲ್ಲಿ "ಶಿಪ್" ಇದೆ ಅಂತ ಹಡಗೇ ಬೇಕು ಅಂದ್ಕೋಬೇಡಿ, ಇಂಗ್ಲಿಷಲ್ಲಿ ಶಿಪ್ ಮಾಡೋದು ಅಂದ್ರೆ ಮಾಲು ಕಳಿಸೋದು, ಲಾರೀಲಾದ್ರೂ ಸರಿ ವಿಮಾನದಲ್ಲಾದ್ರೂ ಸರಿ. ನಮ್ಮ ಲಾರಿ ಟ್ರಾನ್ಸ್‌ಪೋರ್ಟ್‌ನೋರು ಕ್ರಾಸಿಂಗ್ ಅಂತಾರಲ್ಲ, ಅದೇ.

ಗೊಂದಲಕ್ಕೆ ಕಾರಣ ಏನಂದ್ರೆ ಎಷ್ಟೋ ಸಲ ಎರಡೂ ಒಟ್ಟಿಗೇ ಬರುತ್ವೆ. ದೇಶದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಹಾಕಿರೋ ಗ್ಯಾಟ್ ಒಪ್ಪಂದದ 5ನೇ ವಿಧಿ ಇದನ್ನ ಯಾವತ್ತೋ ಬಿಡಿಸಿ ಇಟ್ಟಿದೆ, ಟ್ರಾನ್ಸ್‌ಶಿಪ್‌ಮೆಂಟ್ ಆಗಲಿ ಬಿಡಲಿ, ಪ್ರಯಾಣದ ಶುರು ಮತ್ತು ಕೊನೆ ಎರಡೂ ಆ ದೇಶದ ಹೊರಗಿದ್ರೆ ಅದು ಟ್ರಾನ್ಸಿಟ್ಟೇ. ನೇಪಾಳಕ್ಕೆ ಸಮುದ್ರ ಇಲ್ಲ. ಅವರ ಕಂಟೇನರ್ ಕೋಲ್ಕತ್ತಾದಲ್ಲಿ ಹಡಗಿಂದ ಇಳಿದು ರೈಲು ಹತ್ತಿ, ಗಡಿಯಲ್ಲಿರೋ ರಕ್ಸೌಲ್ ದಾಟಿ ನೇಪಾಳದ ಬೀರ್‌ಗಂಜ್ ಡ್ರೈ ಪೋರ್ಟಿಗೆ, ಅಂದ್ರೆ ಸಮುದ್ರ ಇಲ್ಲದ ಕಡೆ ಇರೋ ಕಂಟೇನರ್ ನಿಲ್ದಾಣಕ್ಕೆ, ಹೋಗುತ್ತೆ. ಇಲ್ಲಿ ಎರಡೂ ಇದೆ. ಈಗ ಪಶ್ಚಿಮ ಬಂಗಾಳದ ಗಡಿ ಠಾಣೆ ಪೆಟ್ರಾಪೋಲ್ ನೋಡಿ: ನಮ್ಮ ಲಾರಿ ಗಡಿ ದಾಟಿ ಬಾಂಗ್ಲಾ ಕಡೆಯ ಬೇನಾಪೋಲ್ ಯಾರ್ಡ್‌ಗೆ ಹೋಗಿ ನಿಲ್ಲುತ್ತೆ, ಅಲ್ಲಿ ಮಾಲು ಇಳಿಸ್ತಾರೆ, ಆಮೇಲೆ ಅವರ ಲಾರಿ ತುಂಬ್ಕೊಂಡು ಢಾಕಾ ಕಡೆ ಹೊರಡುತ್ತೆ, ನಮ್ಮ ಡ್ರೈವರ್ ಖಾಲಿ ಗಾಡಿ ತಿರುಗಿಸ್ಕೊಂಡು ವಾಪಸ್. ಮಾಲು ಗಾಡಿ ಬದಲಾಯಿಸ್ತು ಸರಿ, ಟ್ರಾನ್ಸಿಟ್ ಎಲ್ಲಿದೆ? ಇದು ಭಾರತ-ಬಾಂಗ್ಲಾ ನಡುವಿನ ನೇರ ವ್ಯಾಪಾರ, ಮೂರನೇ ದೇಶವೇ ಇಲ್ಲ. ಹೀಗೆ ಇಳಿಸಿ ಹತ್ತಿಸೋ ಕಾಟ ತಪ್ಪಿಸೋಕೇ 2015ರಲ್ಲಿ ಥಿಂಫುನಲ್ಲಿ ಭಾರತ, ಬಾಂಗ್ಲಾ, ನೇಪಾಳ, ಭೂತಾನ್ ಸೇರಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದ್ದು, ಭೂತಾನ್ ಸಂಸತ್ತು ಒಪ್ಪಲಿಲ್ಲ, ಅಲ್ಲಿಗೆ ಕುಂಟ್ತಾ ಇದೆ.

2020ರ ಜುಲೈನಲ್ಲಿ ಕೋಲ್ಕತ್ತಾದಿಂದ ಟಿಎಂಟಿ ಕಂಬಿ, ಬೇಳೆ ಹಡಗಲ್ಲಿ ಬಾಂಗ್ಲಾದ ಚಟ್ಟೋಗ್ರಾಮ (ಚಿತ್ತಗಾಂಗ್) ಬಂದರಿಗೆ ಹೋಗಿ ಅಲ್ಲಿಂದ ಲಾರೀಲಿ ಅಗರ್ತಲಾ ತಲುಪಿದ್ದು ನೆನಪಿರಬಹುದು. ನಮ್ಮ ದೇಶದ ಮಾಲು ನಮ್ಮ ದೇಶಕ್ಕೇ ಹೋದ್ರೂ ಬಾಂಗ್ಲಾದೇಶದ ಪಾಲಿಗೆ ಅದು ಟ್ರಾನ್ಸಿಟ್.

ಇನ್ನು ಆ ರದ್ದಾದ ಸೌಲಭ್ಯ. ನಮ್ಮ ಕಸ್ಟಮ್ಸ್‌ನೋರ 2020ರ ಜೂನ್ ಸುತ್ತೋಲೆ ಪ್ರಕಾರ ಬಾಂಗ್ಲಾದ ಗಾರ್ಮೆಂಟ್ಸ್ ನಮ್ಮ ಭೂಗಡಿ ದಾಟಿ ಬಂದು ನಮ್ಮ ಬಂದರಲ್ಲೋ ಏರ್‌ಪೋರ್ಟಲ್ಲೋ ಹಡಗು, ವಿಮಾನ ಹತ್ತಿ ಬೇರೆ ದೇಶಗಳಿಗೆ ಹೋಗಬಹುದಿತ್ತು. ಅಲ್ಲೆಲ್ಲ ರಶ್ ಆಗಿ ನಮ್ಮ ರಫ್ತಿಗೇ ತಡ ಆಗ್ತಿದೆ ಅಂತ ಸರ್ಕಾರ ಅದನ್ನ ತೆಗೀತು. ನಿಂತಿದ್ದು ಈ ದಾರಿ ಮಾತ್ರ.

ಸಮುದ್ರದ ಕಡೆ ಈ ಪದ ತೀರಾ ಸರಳ. ದೊಡ್ಡ ಮದರ್ ಹಡಗು ಎಲ್ಲಾ ಬಂದರಿಗೂ ಬರಲ್ಲ, ಹಾಗಾಗಿ ಮಂಗಳೂರಿನ ಕಾಫಿ ಕಂಟೇನರ್ ಸಣ್ಣ ಫೀಡರ್ ಹಡಗಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ದೊಡ್ಡದಕ್ಕೆ ಏರುತ್ತೆ. ಆ ವ್ಯವಹಾರ ನಮ್ಮಲ್ಲೇ ಇರಲಿ ಅಂತಲೇ ಕೇರಳದ ವಿಳಿಂಜಂ ಬಂದರು ಕಟ್ಟಿದ್ದು, 2025ರ ಮೇನಲ್ಲಿ ಅಧಿಕೃತವಾಗಿ ಉದ್ಘಾಟನೆ ಆಯ್ತು.

ಇಷ್ಟು ಸಾಲದು ಅಂತ ಅಮೆರಿಕದೋರು ಪದಕ್ಕೆ ಇನ್ನೊಂದು ಅರ್ಥ ಅಂಟಿಸಿದ್ದಾರೆ. 2025ರ ಜುಲೈನಲ್ಲಿ ಟ್ರಂಪ್ ವಿಯೆಟ್ನಾಂ ಮಾಲಿಗೆ ಶೇ 20, "ಟ್ರಾನ್ಸ್‌ಶಿಪ್" ಆಗಿ ಬಂದಿದ್ದಕ್ಕೆ ಶೇ 40 ಸುಂಕ ಅಂದ್ರಲ್ಲ, ಅಲ್ಲಿ ಮಾತಾಡ್ತಿರೋದು ಚೀನಾ ಮಾಲನ್ನ ಮೂರನೇ ದೇಶಕ್ಕೆ ತಂದು ಲೇಬಲ್ ಬದಲಾಯಿಸಿ ಸುಂಕ ತಪ್ಪಿಸೋದರ ಬಗ್ಗೆ. ಅದು ಮೂಲ ದೇಶದ ಸುಳ್ಳು ಘೋಷಣೆ ಕಣ್ರೀ, ಹಾಗಂತಲೇ ಕರೀಬಹುದಿತ್ತು. ಸಿಂಗಾಪುರದಲ್ಲಿ ಹಡಗು ಬದಲಾಯಿಸಿದ ಕಂಟೇನರ್ ಏನು ಕಳ್ಳಮಾಲಾ? ಮಾಲು ಸಾಗಿಸೋಕೆ ಬೇಕಾದ ನಮ್ಮ ಜಿಎಸ್‌ಟಿ ಪರವಾನಗಿ ಚೀಟಿ ಇ-ವೇ ಬಿಲ್‌ನಲ್ಲೇ ಲಾರಿ ನಂಬರ್ ಬದಲಾಯಿಸುವಾಗ ಕಾರಣ ಕೇಳೋ ಕಡೆ ಟ್ರಾನ್ಸ್‌ಶಿಪ್‌ಮೆಂಟ್ ಅಂತ ಒಂದು ಆಯ್ಕೆ ಇದೆ, ಹುಬ್ಬಳ್ಳೀಲಿ ಗಾಡಿ ಬದಲಾಯಿಸಿದೋರೆಲ್ಲ ಅದನ್ನೇ ಒತ್ತಿ ನೆಮ್ಮದಿಯಾಗಿ ಮುಂದೆ ಹೋಗ್ತಾರೆ.