ರೋಡಿಯಂ ಜಾಗಕ್ಕೆ ಕೋಬಾಲ್ಟ್

ಲೆವೆಟಿರಸೆಟಮ್ ಅಂದರೆ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಫಿಟ್ಸ್ ಮಾತ್ರೆ ಅಂದರೆ ಗೊತ್ತಾಗುತ್ತದೆ. ಇದರ ಅಣು ಎರಡು ರೂಪದಲ್ಲಿ ಸಿಗುತ್ತದೆ, ಎಡಗೈ ಬಲಗೈ ಇದ್ದ ಹಾಗೆ. ಫಿಟ್ಸ್ ತಡೆಯುವುದು ಒಂದು ರೂಪ ಮಾತ್ರ. ಸುಮ್ನೆ ತಯಾರಿಸಿದರೆ ಎರಡೂ ಅರ್ಧರ್ಧ ಬರುತ್ತವೆ. ಬೇಕಾದ್ದನ್ನಷ್ಟೇ ಪಡೆಯುವ ಒಂದು ದಾರಿ, ತಕ್ಕ ವೇಗವರ್ಧಕ ಬಳಸುವುದು. ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆ ನಡೆಸಿಕೊಡುವ ವಸ್ತು.

ಇಂಥ ಕೆಲಸದಲ್ಲಿ ರೋಡಿಯಂ ಲೋಹ ಪಳಗಿದ ಕೈ. ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ಅದನ್ನೇ ಬಳಸಿ ಪಾರ್ಕಿನ್ಸನ್ ಕಾಯಿಲೆಯ ಎಲ್-ಡೋಪಾ ತಯಾರಿಸುವ ದಾರಿ ಕಂಡುಕೊಂಡರು. 2001ರ ನೊಬೆಲ್‌ನಲ್ಲಿ ಪಾಲೂ ಪಡೆದರು. ಆದರೆ ರೋಡಿಯಂ ಚಿನ್ನಕ್ಕಿಂತ ಅಪರೂಪ. ಆವರ್ತ ಕೋಷ್ಟಕದಲ್ಲಿ ಅದರ ನೆತ್ತಿಯ ಮೇಲೇ ಕೋಬಾಲ್ಟ್ ಇದೆ, ಬಲು ಅಗ್ಗ. ಅದನ್ನೇ ಬಳಸಬಹುದಲ್ವಾ?

ಅಷ್ಟು ಸಲೀಸಲ್ಲ. ರೋಡಿಯಂ ಸಾಮಾನ್ಯವಾಗಿ ಎಲೆಕ್ಟ್ರಾನ್‌ಗಳನ್ನು ಎರಡೆರಡಾಗಿ ಕೊಟ್ಟು ಪಡೆಯುತ್ತದೆ. ಕೋಬಾಲ್ಟ್ ಒಂದೊಂದಾಗಿಯೂ ವ್ಯವಹಾರ ಮಾಡುತ್ತದೆ, ಹಾಗಾಗಿ ಅದನ್ನು ಹಿಡಿತದಲ್ಲಿಡುವುದು ಕಷ್ಟ.

2018ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪಾಲ್ ಚಿರಿಕ್ ತಂಡ, ಮರ್ಕ್ ಕಂಪನಿಯ ರಸಾಯನವಿಜ್ಞಾನಿಗಳ ಜೊತೆ ಸೇರಿ, ಈ ಸ್ವಭಾವವನ್ನೇ ಕೆಲಸಕ್ಕೆ ಹಚ್ಚಿತು. ಅವರು ಬಳಸಿದ್ದು ಕೋಬಾಲ್ಟ್ ಕ್ಲೋರೈಡ್. ನೀಲಿ ಸಿಲಿಕಾ ಜೆಲ್ ಕಾಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದಲ್ಲ, ಅದಕ್ಕೆ ಕಾರಣ ಇದೇ ಲವಣ. ಕೋಬಾಲ್ಟ್‌ಗೆ ಅಂಟಿಕೊಂಡು ಅಣುವಿನ ರೂಪ ನಿರ್ಧರಿಸಲು ಫಾಸ್ಫೀನ್ ಎಂಬ ಜೊತೆಗಾರ ಬೇಕು. ಮೆಥನಾಲ್ ದ್ರಾವಣದಲ್ಲಿ ಹಾಕಿದರೆ ಮೆಥನಾಲ್ ಬಂದು ಫಾಸ್ಫೀನನ್ನೇ ಜಾಗ ಬಿಡಿಸುತ್ತಿತ್ತು. ಸ್ವಲ್ಪ ಸತು ಸೇರಿಸಿದಾಗ ಕೋಬಾಲ್ಟ್‌ಗೆ ಒಂದು ಎಲೆಕ್ಟ್ರಾನ್ ಸಿಕ್ಕಿತು. ಆಮೇಲೆ ಅದು ಫಾಸ್ಫೀನನ್ನು ಗಟ್ಟಿಯಾಗಿ ಹಿಡಿದುಕೊಂಡಿತು! 200 ಗ್ರಾಂ ಪ್ರಮಾಣದಲ್ಲಿ ಲೆವೆಟಿರಸೆಟಮ್ ತಯಾರಾಯಿತು. ಸುಮಾರು 1,250 ಅಣುಗಳಿಗೆ ಒಂದೇ ಒಂದು ಕೋಬಾಲ್ಟ್ ಪರಮಾಣು ಸಾಕಾಯಿತು.

ಲೋಹ ಅಗ್ಗವಾದ ಮಾತ್ರಕ್ಕೆ ಮಾತ್ರೆ ಅಗ್ಗವಾಗುತ್ತದೆ ಅಂತ ನಾನಂತೂ ಹೇಳಲಾರೆ. ಆ ಫಾಸ್ಫೀನ್ ದುಬಾರಿ. ಜೊತೆಗೆ, ಔಷಧಿಯಲ್ಲಿ ಉಳಿಯುವ ಲೋಹಕ್ಕೆ ಅಂತರರಾಷ್ಟ್ರೀಯ ಮಿತಿಗಳಿವೆ. ನುಂಗುವ ಔಷಧಿಯಲ್ಲಿ ರೋಡಿಯಂ ದಿನಕ್ಕೆ 100 ಮೈಕ್ರೋಗ್ರಾಂವರೆಗೆ ಇರಬಹುದು. ಕೋಬಾಲ್ಟ್‌ಗೆ 50 ಮಾತ್ರ! ಅಂದರೆ ಅಗ್ಗದ ಲೋಹವನ್ನೇ ಇನ್ನೂ ಜಾಸ್ತಿ ಜೋಪಾನವಾಗಿ ತೆಗೆಯಬೇಕು. ಕಬ್ಬಿಣ ಅಷ್ಟು ವಿಷಕಾರಿಯಲ್ಲ, ಅದಕ್ಕೆ ಈ ಮಾರ್ಗಸೂಚಿಯಲ್ಲಿ ಮಿತಿಯನ್ನೇ ಹಾಕಿಲ್ಲ. ಹಾಗಾಗಿ ಹಲವು ಲ್ಯಾಬ್‌ಗಳ ಕಣ್ಣು ಕಬ್ಬಿಣದ ಮೇಲೂ ಇದೆ.