ರೋಗಿಯೂ ಪ್ರಶ್ನೆ ಕೇಳಿದಾಗ: ದೀರ್ಘಕಾಲದ ಕಾಯಿಲೆ ಪಾಠದ ಟಿಪ್ಪಣಿ

ವರ್ಷಕ್ಕೆ 8,760 ಗಂಟೆ. ಸಕ್ಕರೆ ಕಾಯಿಲೆ ಇರುವವರು ಅದರಲ್ಲಿ ಡಾಕ್ಟರ ಎದುರು ಕೂರುವುದು ಎಷ್ಟು ಹೊತ್ತು? ಕೆಲವೇ ಗಂಟೆ. ಮಿಕ್ಕ ಹೊತ್ತೆಲ್ಲ ಕಾಯಿಲೆಯನ್ನು ಅವರೇ ನೋಡಿಕೊಳ್ಳಬೇಕು. ಸ್ವಯಂ ನಿರ್ವಹಣೆ ಅನ್ನುವುದು ಇದನ್ನೇ.

ಉತ್ತರ ಪತ್ರಿಕೆಯಲ್ಲಿ ‘ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು’ ಅಂತ ಬರೆದು ಮುಗಿಸಬೇಡಿ. ಸಮಾಜಶಾಸ್ತ್ರಜ್ಞರಾದ ಕಾರ್ಬಿನ್ ಮತ್ತು ಸ್ಟ್ರಾಸ್ 1988ರಲ್ಲಿ ಮೂರು ಕೆಲಸ ಗುರುತಿಸಿದರು: ಚಿಕಿತ್ಸೆ ನೋಡಿಕೊಳ್ಳುವುದು, ಮನೆಯಲ್ಲೂ ಕೆಲಸದಲ್ಲೂ ತನ್ನ ಪಾತ್ರಕ್ಕೆ ಹೊಂದಿಕೊಳ್ಳುವುದು, ಭಯ-ಬೇಸರ ನಿಭಾಯಿಸುವುದು. ಮೂರನೆಯದನ್ನು ಮರೆಯುವವರೇ ಜಾಸ್ತಿ. ನಾನೂ ಮರೆತಿದ್ದೆ.

ಹೀಗೆ ಕಾಯಿಲೆಯನ್ನು ದಿನವೂ ನಿಭಾಯಿಸುವವರಿಗೂ ಸಂಶೋಧನೆಗೂ ಏನು ನಂಟು? ಇಲ್ಲಿ ನನಗೆ ಹಿಡಿಸಿದ್ದು ದಣಿವಿನ ಕಥೆ. ರುಮಟಾಯ್ಡ್ ಸಂಧಿವಾತದ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ಕಾಯಿಲೆ) ಔಷಧ ಪರೀಕ್ಷೆಗಳಲ್ಲಿ ಏನನ್ನು ಅಳೆಯಬೇಕು ಅಂತ ಚರ್ಚಿಸಲು ಓಮೆರಾಕ್ಟ್ ಅನ್ನುವ ಅಂತರರಾಷ್ಟ್ರೀಯ ಬಳಗ 1992ರಿಂದ ಸಭೆ ಸೇರುತ್ತಿತ್ತು. ಊದಿದ ಕೀಲು ಎಷ್ಟು, ನೋವು ಎಷ್ಟು, ರಕ್ತದಲ್ಲಿ ಉರಿಯೂತದ ಗುರುತು ಎಷ್ಟು, ಹೀಗೆ ಲೆಕ್ಕ. 2002ರ ಸಭೆಗೆ ರೋಗಿಗಳನ್ನೂ ಕರೆದರು. ಅವರು ಎತ್ತಿದ ಮುಖ್ಯ ವಿಷಯ ದಣಿವು. ಮಲಗೆದ್ದರೂ ಹೋಗದ ಸುಸ್ತು. ಅದು ತಜ್ಞರ ಮುಖ್ಯ ಪಟ್ಟಿಯಲ್ಲೇ ಇರಲಿಲ್ಲ! ಕೆಲವು ವರ್ಷಗಳ ನಂತರ ದಣಿವನ್ನೂ ಅಳೆಯಬೇಕು ಅಂತ ಆ ಬಳಗ ಒಪ್ಪಿತು. ದಣಿವನ್ನು ನಿಭಾಯಿಸಲು ರೋಗಿಗಳಿಗೇ ಕಲಿಸುವ ಗುಂಪು ತರಬೇತಿಗಳ ಪರೀಕ್ಷೆಯೂ ನಡೆಯಿತು. ಅಳೆಯದೆ ಇರುವುದಕ್ಕೆ ಪರಿಹಾರ ಹುಡುಕುವವರು ಯಾರು, ಅಲ್ವಾ?

ಮೊಣಕಾಲಿನ ಕೀಲು ಸವೆತದಲ್ಲೂ ಇದೇ ಕಥೆ. ನಡೆದ ಸಂಶೋಧನೆ ಬಹುಪಾಲು ಔಷಧ ಮತ್ತು ಶಸ್ತ್ರಚಿಕಿತ್ಸೆಯ ಮೇಲೆ, ರೋಗಿಗಳು ಕೇಳುತ್ತಿದ್ದದ್ದು ಬೇರೆ ಅಂತ 2000ದಲ್ಲಿ ಒಂದು ಅಧ್ಯಯನ ತೋರಿಸಿತು. ಬ್ರಿಟನ್ನಿನಲ್ಲಿ 2004ರಲ್ಲಿ ಶುರುವಾದ ಜೇಮ್ಸ್ ಲಿಂಡ್ ಅಲಯನ್ಸ್ ಈ ಅಂತರ ತುಂಬಲು ನೋಡುತ್ತದೆ. ರೋಗಿಗಳು, ಆರೈಕೆ ಮಾಡುವ ಮನೆಯವರು, ವೈದ್ಯರು ಒಟ್ಟಿಗೆ ಕೂತು ಸಂಶೋಧನೆ ಉತ್ತರಿಸಬೇಕಾದ ಮುಖ್ಯವಾದ 10 ಪ್ರಶ್ನೆ ಆರಿಸುತ್ತಾರೆ. ಸಂಶೋಧನೆಯಲ್ಲಿ ರೋಗಿಯ ಸಹಭಾಗಿತ್ವ ಅಂದರೆ ಇದು. ಎಲ್ಲ ತೀರ್ಮಾನ ಆದಮೇಲೆ ರೋಗಿಗೆ ಒಂದು ಫಾರಂ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಸಹಭಾಗಿತ್ವ ಅಲ್ಲ. ಗೊಂದಲ ಬೇಡ.

ಕೊನೆಗೆ ಆರೋಗ್ಯ ಶಿಕ್ಷಣದ ಸಂಶೋಧಕಿ ಕೇಟ್ ಲೋರಿಗ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇವರು ರೂಪಿಸಿದ ಸ್ವಯಂ ನಿರ್ವಹಣೆಯ ತರಬೇತಿ ಆರು ವಾರದ್ದು. ನಡೆಸುವವರಲ್ಲಿ ಕಾಯಿಲೆ ಇರುವ ಸಾಮಾನ್ಯ ಜನರೂ ಇರುತ್ತಾರೆ. ಮೊದಲ ಸಂಧಿವಾತ ತರಬೇತಿಯಲ್ಲಿ ಒಂದು ವಿಚಿತ್ರ ಕಂಡಿತು. ವ್ಯಾಯಾಮ ಜಾಸ್ತಿ ಮಾಡಿದವರಿಗೇ ನೋವು ಜಾಸ್ತಿ ಇಳಿಯಿತು ಅನ್ನಲು ಲೆಕ್ಕ ಸರಿಯಾಗಿ ಕೂಡಿಬರಲಿಲ್ಲ. ಕಾರಣ ಹುಡುಕಲು ಅವರು ಭಾಗವಹಿಸಿದವರನ್ನೇ ಕೇಳಿದರು. ಸುಧಾರಿಸಿದವರು ಹೇಳಿದ್ದು: ಕಾಯಿಲೆ ಈಗ ಸ್ವಲ್ಪ ನಮ್ಮ ಹಿಡಿತದಲ್ಲಿದೆ ಅನ್ನಿಸುತ್ತದೆ. ಮನಶ್ಶಾಸ್ತ್ರಜ್ಞ ಬಂಡೂರಾ ಹೇಳಿದ ‘ನನ್ನಿಂದ ಆಗುತ್ತದೆ’ ಅನ್ನುವ ನಂಬಿಕೆ ಆ ತರಬೇತಿಯ ತಿರುಳಾದದ್ದು ಹೀಗೆ.