ಪದ ಪರಿಚಯ: ಒಪಿಯಾಯ್ಡ್

ನಮ್ಮ ಕಾಸರಗೋಡಿನ ಗೋಡೆಗಳಲ್ಲಿ ಈಗ ಎಲ್ಲಿ ನೋಡಿದರೂ ಮಲಯಾಳದಲ್ಲಿ ‘ಲಹರಿ’ ವಿರುದ್ಧದ ಬರಹ. ಕನ್ನಡ ಮೀಡಿಯಂನಲ್ಲಿ ಓದುವ ಅಕ್ಕನ ಮಗ ಒಂದು ದಿನ ಕೇಳಿದ, “ಮಾವ, ಲಹರಿ ಬಂದ್ರೆ ಏನಂತೆ ಇವರಿಗೆ?” ನಮಗೆ ಲಹರಿಯೆಂದರೆ ಹಾಡಿನ ಗುಂಗು, ಮನಸ್ಸಿನ ತೇಲಾಟ. ಅವರಿಗೆ ಅದು ಅಮಲು. ಗಾಂಜಾ, ಎಂಡಿಎಂಎ, ಹೆರಾಯಿನ್ ಎಲ್ಲವೂ ಆ ಒಂದೇ ಪದದೊಳಗೆ. ಆದರೆ ಈ ಮೂರರಲ್ಲಿ ಒಪಿಯಾಯ್ಡ್ ಆಗಿರುವುದು ಹೆರಾಯಿನ್ ಮಾತ್ರ.

ಒಪಿಯಾಯ್ಡ್ ಅಂದರೆ ಅಫೀಮಿನ ಬಳಗ. ಗಸಗಸೆ ಗಿಡದ ಎಳೆಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಒಸರುತ್ತದೆ. ಅದು ಒಣಗಿ ಕಪ್ಪಗಿನ ಅಂಟಾದರೆ ಅಫೀಮು. ಮಲಯಾಳದಲ್ಲಿ ಅದರ ಹೆಸರೇ ‘ಕರುಪ್ಪ್’, ಕಪ್ಪು. (ಪಾಯಸಕ್ಕೆ ಹಾಕುವ ಗಸಗಸೆ ಇದೇ ಗಿಡದ ಬೀಜ. ಉಂಡ ಮೇಲೆ ಬರುವ ನಿದ್ದೆಗೆ ಹೊಟ್ಟೆ ಬಿರಿಯುವ ಊಟವನ್ನು ದೂರಿದರೆ ಸಾಕು.) 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ, ಹೆಸರು ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನಿಂದ ಬಂತು. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್, ನೋವಿನ ಮಾತ್ರೆ ಟ್ರಮಡಾಲ್, ಪೂರ್ತಿ ಲ್ಯಾಬಿನಲ್ಲೇ ತಯಾರಾಗುವ ಫೆಂಟನಿಲ್, ಎಲ್ಲ ಇದೇ ಬಳಗ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಅಡಿಗೆ ತಂದರು.

ನೋವು ತಡೆಯಲು ನಮ್ಮ ದೇಹವೇ ಎಂಡಾರ್ಫಿನ್ ತಯಾರಿಸುತ್ತದೆ. ಅದು ಕೂರುವ ಜಾಗದಲ್ಲಿ ಈ ಮದ್ದುಗಳು ಹೋಗಿ ಕೂರುತ್ತವೆ. ನೋವು ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ, ಕರುಳು ನಿಧಾನವಾಗಿ ಮಲಬದ್ಧತೆ ಬರುತ್ತದೆ. ಉಸಿರಾಟದ ಲಯ ಹಿಡಿಯುವ ಮಿದುಳಿನ ಭಾಗವೂ ಮಂಕಾಗುತ್ತದೆ. ಅಪಾಯ ಇರುವುದು ಅಲ್ಲಿ.

ಅಮಲು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ತೂರಾಡುವವನು, ಬೊಬ್ಬೆ ಹಾಕುವವನು. ಒಪಿಯಾಯ್ಡಿನ ಅಮಲಿಗೆ ಮಂಪರು ಎಂಬುದೇ ಸರಿಯಾದ ಪದ. ಮಾತಾಡುತ್ತಾ ಮಾತಾಡುತ್ತಾ ತಲೆ ಎದೆಗೆ ವಾಲುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಪ್ರಮಾಣ ಮೀರಿದರೆ ಗೊರಗೊರ ಗೊರಕೆ, ಒಂದು ಉಸಿರಿಗೂ ಇನ್ನೊಂದಕ್ಕೂ ದೊಡ್ಡ ಅಂತರ, ನೀಲಿಗಟ್ಟಿದ ತುಟಿ. “ಮಲಗಲಿ ಬಿಡಿ, ಇಳೀತದೆ” ಎಂದು ಚಾದರ ಹೊದೆಸಿ ಹೋಗುವುದು ಇಂಥ ಹೊತ್ತಿನಲ್ಲೇ. ಹೆಸರು ಕೂಗಿ, ಭುಜ ಅಲುಗಾಡಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಬೇಕು. ಉಸಿರಿದ್ದರೆ ಮಗ್ಗುಲಿಗೆ ಹೊರಳಿಸಿ ಹತ್ತಿರವೇ ಇರಬೇಕು. ಆಸ್ಪತ್ರೆಯಲ್ಲಿ ಕೊಡುವ ನಲೊಕ್ಸೋನ್ ಒಪಿಯಾಯ್ಡನ್ನು ಅದರ ಜಾಗದಿಂದ ಎಬ್ಬಿಸುತ್ತದೆ. ಸಾರಾಯಿಯೋ ನಿದ್ದೆ ಮಾತ್ರೆಯೋ ಜೊತೆಗೆ ಸೇರಿದ್ದರೆ ಅಪಾಯ ಇನ್ನೂ ಹೆಚ್ಚು.

ದುರ್ಬಳಕೆ ಎಂದರೆ ಡಾಕ್ಟರು ಬರೆದದ್ದಕ್ಕಿಂತ ಹೆಚ್ಚು ನುಂಗುವುದು, ಬೇರೆಯವರ ಮಾತ್ರೆ ತಿನ್ನುವುದು, ಮಂಪರಿಗಾಗಿಯೇ ಸಿರಪ್ ಕುಡಿಯುವುದು. ದಿನ ಕಳೆದಂತೆ ಮೊದಲಿನ ಪ್ರಮಾಣ ಸಾಲದಾಗುತ್ತದೆ. ನಿಲ್ಲಿಸಿದರೆ ಆಕಳಿಕೆ, ಮೂಗಲ್ಲಿ ನೀರು, ಮೈಕೈ ನೋವು, ಭೇದಿ. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೇ ಪ್ರಮಾಣಕ್ಕೆ ಕೈಹಾಕಿದವರು ಸಾಯುವುದುಂಟು, ತಡೆದುಕೊಳ್ಳುವ ಶಕ್ತಿ ಅಷ್ಟರಲ್ಲಿ ಇಳಿದಿರುತ್ತದೆ.

ಈ ಪದದ ಮೇಲಿನ ಹೆದರಿಕೆ ಮಾತ್ರ ಬೇರೆ ಕಡೆಗೂ ಹಬ್ಬಿದೆ. ದೊಡ್ಡಮ್ಮನಿಗೆ ಕ್ಯಾನ್ಸರ್ ಎಲುಬಿಗೆ ಇಳಿದಾಗ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸ್ ಮನೆಗೇ ಬಂದು ಮಾರ್ಫಿನ್ ಮಾತ್ರೆ ಕೊಟ್ಟರು, ಜೊತೆಗೆ ಮಲಬದ್ಧತೆಗೆ ಒಂದು ಮದ್ದು. “ಅಮಲಿನ ಮಾತ್ರೆ ಬೇಡಪ್ಪ” ಎಂದು ದೊಡ್ಡಪ್ಪ ಎರಡು ದಿನ ಕೊಡಲೇ ಇಲ್ಲ. ಆ ಎರಡು ರಾತ್ರಿ ಯಾರೂ ಮಲಗಲಿಲ್ಲ. ಮೂರನೆಯ ದಿನ ಅವರೇ ಗಡಿಯಾರ ನೋಡಿ, ನಾಲ್ಕು ಗಂಟೆಗೊಮ್ಮೆ ಕೊಡತೊಡಗಿದರು. ದೊಡ್ಡಮ್ಮ ಎದ್ದು ಕೂತು ಗಂಜಿ ಕೇಳಿದರು. ಅವರು ತೀರಿಹೋದ ಮೇಲೆ ನರ್ಸ್ ಮತ್ತೆ ಬಂದು, ಉಳಿದ ಮಾತ್ರೆಗಳನ್ನು ಜಗಲಿಯಲ್ಲಿ ಕೂತು ಒಂದೊಂದಾಗಿ ಎಣಿಸಿ ತೆಗೆದುಕೊಂಡು ಹೋದರು.